ಹತ್ತು ದಿನ ತೋಟ ಬಿಟ್ಟು: ಫುಕೆಟ್ ಕಡಲ ದಂಡೆಯಲ್ಲಿ ಮುಯೆ ಥಾಯ್ ಪಾಠ



2025ರ ಫೆಬ್ರವರಿ ಕೊನೆಯ ವಾರದಿಂದ ಹತ್ತು ದಿನ ಸಂಘದ ಕಛೇರಿಯಲ್ಲಿ ಕಾರ್ಯದರ್ಶಿಯ ಕುರ್ಚಿ ಖಾಲಿ ಇದ್ದುದನ್ನು ತಮ್ಮಲ್ಲಿ ಬಹಳ ಮಂದಿ ಗಮನಿಸಿದ್ದೀರಿ. ಗೊಬ್ಬರದ ಇಂಡೆಂಟಿಗೆ ಸಹಿ ಹಾಕಿಸಲು ಬಂದು ಬರಿಗೈಲಿ ಹಿಂದಿರುಗಿದ ಕೆಲವರು ನಮ್ಮ ಗುಮಾಸ್ತರನ್ನು ವಿಚಾರಿಸಲಾಗಿ, ಅವರು ಇದ್ದದ್ದನ್ನು ಇದ್ದ ಹಾಗೆ, 'ಥಾಯ್ಲೆಂಡಿಗೆ ಹೋಗಿದ್ದಾರೆ, ಹೊಡೆದಾಟ ಕಲಿಯಲಿಕ್ಕೆ' ಎಂದು ಹೇಳಿದರಂತೆ. ಯಾರೂ ನಂಬಲಿಲ್ಲ. ಆಮೇಲೆ ಹಬ್ಬಿದ ಸುದ್ದಿಗಳಲ್ಲಿ ಬೆಂಗಳೂರಿನ ಆಸ್ಪತ್ರೆಯೂ ಇತ್ತು, ಮಗಳಿಗೆ ಗಂಡು ನೋಡುವ ವಿಚಾರವೂ ಇತ್ತು. ಎರಡೂ ಸುಳ್ಳು. ಗುಮಾಸ್ತರು ಹೇಳಿದ್ದೇ ನಿಜ. ಸಂಚಿಕೆಗೆ ಪ್ರವಾಸ ಕಥನವೊಂದನ್ನು ಬರೆಯಿರೆಂದು ಅಧ್ಯಕ್ಷರು ಆಜ್ಞೆ ಮಾಡಿದ್ದರಿಂದ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಾಫಿ, ಅಡಿಕೆ ಎರಡೂ ಇರುವವನ ಪಂಚಾಂಗದಲ್ಲಿ ರಜೆ ಎಂಬ ಕಾಲಂ ಇಲ್ಲ. ಮುಂಗಾರು ಹಿಡಿದರೆ ಬೋರ್ಡೋ, ಮಳೆ ಬಿಡದಿದ್ದರೆ ಮತ್ತೊಮ್ಮೆ ಬೋರ್ಡೋ, ಅಡಿಕೆ ಕೊಯ್ಲು, ಸುಲಿತ, ಬೇಯಿಸುವುದು, ಅದು ಮುಗಿಯುವಷ್ಟರಲ್ಲಿ ಅರೇಬಿಕಾ ಹಣ್ಣು, ಅದರ ಬೆನ್ನಿಗೆ ರೊಬಸ್ಟಾ, ಅದರ ಬೆನ್ನಿಗೆ ಮೆಣಸು, ಆಮೇಲೆ ಆಕಾಶ ನೋಡುತ್ತಾ ಹೂಮಳೆಗೆ ಕಾಯುವುದು. ನಮ್ಮ ಮದುವೆಯಾಗಿ 29 ವರ್ಷ. ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಟ್ಟಿಗೆ ಎರಡು ರಾತ್ರಿಗಿಂತ ಹೆಚ್ಚು ಮನೆಯಿಂದ ಹೊರಗಿದ್ದದ್ದು ನೆಂಟರ ಮದುವೆಗಳಿಗೆ, ಒಮ್ಮೆ ತಿರುಪತಿಗೆ. ಒಬ್ಬರು ಹೋದರೆ ಒಬ್ಬರು ತೋಟಕ್ಕೆ. ಇದು ನಮ್ಮೊಬ್ಬರ ಕಥೆಯಲ್ಲ, ಇದನ್ನು ಓದುತ್ತಿರುವ ಮುಕ್ಕಾಲು ಮನೆಗಳ ಕಥೆ.

ಹಾಗಿದ್ದರೂ ಒಂದು ಸಂದು ಇದೆ. ನೀರಾವರಿ ಇರುವವರು ಗಮನಿಸಬೇಕು. ರೊಬಸ್ಟಾಕ್ಕೆ ಹೂವಿನ ನೀರು ಸ್ಪ್ರಿಂಕ್ಲರ್‌ನಲ್ಲಿ ಕೊಟ್ಟು ಮುಗಿಸಿದ ಮೇಲೆ ಎರಡನೆಯ ನೀರಿಗೆ, ಅಂದರೆ ಬ್ಯಾಕಿಂಗ್‌ಗೆ, ಹದಿನೈದು ಇಪ್ಪತ್ತು ದಿನ ಬಿಡುವು. ಆ ದಿನಗಳಲ್ಲಿ ಹೂವು ಅರಳುತ್ತದೆ, ಕಾಯಿ ಕಚ್ಚುತ್ತದೆ, ನಾವು ಅಲ್ಲಿ ನಿಂತು ನೋಡಿದ ಮಾತ್ರಕ್ಕೆ ಒಂದು ಕಾಯಿಯೂ ಹೆಚ್ಚು ಕಚ್ಚುವುದಿಲ್ಲ. ಮೆಣಸು ಕೊಯ್ಲನ್ನು ನಮ್ಮ ಭಾವನವರು ಬಂದು ನೋಡಿಕೊಳ್ಳಲು ಒಪ್ಪಿದರು. ಇನ್ನು ಹಣ. ಆ ವರ್ಷ ರೊಬಸ್ಟಾ ಬೆಲೆ ನಾವು ಹುಟ್ಟಿದ ಮೇಲೆ ಕಾಣದ ಎತ್ತರಕ್ಕೆ ಹೋಗಿತ್ತೆಂಬುದು ತಮಗೇ ಗೊತ್ತು. ಸಾಲ ತೀರಿಸಿ ಉಳಿದದ್ದರಲ್ಲಿ ಹೊಸ ಪಲ್ಪರ್ ಎಂದು ನಾವು ಲೆಕ್ಕ ಹಾಕುತ್ತಿದ್ದಾಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು, ಪಲ್ಪರ್ ಇನ್ನೊಂದು ವರ್ಷ ಓಡುತ್ತದೆ, ನಿಮ್ಮಿಬ್ಬರ ಮಂಡಿ ಓಡುವುದಿಲ್ಲ ಎಂದಳು.

ನಮ್ಮ ಸಕ್ಕರೆ ಅಂಶ ಗಡಿಯಲ್ಲಿತ್ತು. ಬಲಭುಜ ಕಿವಿಯ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ವ್ಯಾಯಾಮ ಮಾಡಿ ಎಂದು ವೈದ್ಯರು ಹೇಳಿದಾಗ, ದಿನವಿಡೀ ಗುಡ್ಡ ಹತ್ತಿ ಇಳಿಯುವವನಿಗೆ ಇನ್ನೆಂಥ ವ್ಯಾಯಾಮ ಎಂದು ನಾವು ವಾದಿಸಿದ್ದೆವು. ಮಗಳು ಸಂಜೆ ಹೊತ್ತು ಮುಯೆ ಥಾಯ್ ಎಂಬ ಥಾಯ್ ಮುಷ್ಟಿಯುದ್ಧ ಕಲಿಯುತ್ತಾಳೆ. ಅದರ ಮೂಲಸ್ಥಾನಕ್ಕೇ ಹೋಗಿ, ಬೆಳಿಗ್ಗೆ ಕಲಿಯಿರಿ, ಸಂಜೆ ಸಮುದ್ರ ನೋಡಿ ಎಂದು ಟಿಕೆಟ್ಟನ್ನೂ ಶಿಬಿರದ ಶುಲ್ಕವನ್ನೂ ಅವಳೇ ಕಟ್ಟಿಬಿಟ್ಟಳು. ಕಲಿಯುವುದು ನಾವು, ಸಮುದ್ರ ನೋಡುತ್ತಾ ಕೂರುವುದು ನಮ್ಮ ಮನೆಯವರು ಎಂದು ನಾವು ತಿಳಿದಿದ್ದೆವು.

ಭಾರತೀಯರಿಗೆ ಥಾಯ್ಲೆಂಡ್ ಸರ್ಕಾರ 2023ರ ನವೆಂಬರ್‌ನಲ್ಲಿ ವೀಸಾ ವಿನಾಯಿತಿ ಕೊಡಲು ಪ್ರಾರಂಭಿಸಿತು. ನಾವು ಹೋದಾಗ ಅದು ಜಾರಿಯಲ್ಲಿದ್ದು ಬರಿಯ ಪಾಸ್‌ಪೋರ್ಟಿನಲ್ಲಿ ಒಳಗೆ ಹೋದೆವು. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಹೋಗುವವರು ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು. ಬೆಂಗಳೂರಿನಿಂದ ಸುಮಾರು ನಾಲ್ಕು ಗಂಟೆಯ ಹಾರಾಟ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ.

ಫುಕೆಟ್ ಎಂಬುದು ಅಂಡಮಾನ್ ಸಮುದ್ರದಲ್ಲಿರುವ ದ್ವೀಪ, ಆದರೆ ಸೇತುವೆ ಇರುವುದರಿಂದ ದ್ವೀಪವೆಂದು ತಿಳಿಯುವುದಿಲ್ಲ. ಹಿಂದೆ ತವರದ ಗಣಿಗಳಿಂದ ಬದುಕಿದ ಊರು, ಈಗ ಪ್ರವಾಸಿಗಳಿಂದ ಬದುಕುತ್ತದೆ. ನಮ್ಮ ಹಾಗೆಯೇ ಅಲ್ಲಿಗೂ ನೈಋತ್ಯ ಮುಂಗಾರು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಬಡಿಯುತ್ತದೆ. ಆ ಕಾಲದಲ್ಲಿ ಪಶ್ಚಿಮದ ದಂಡೆಗಳಲ್ಲಿ ಕೆಂಪು ಬಾವುಟ ಕಟ್ಟುತ್ತಾರೆ. ಬಾವುಟ ಕಂಡೂ ನೀರಿಗಿಳಿದು ಸೆಳವಿಗೆ ಸಿಕ್ಕವರು ಪ್ರತಿ ವರ್ಷ ಇದ್ದಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಸಮುದ್ರ ನಮ್ಮ ಕೆರೆಯಂತೆ ಶಾಂತ. ರಸ್ತೆ ಬದಿಯಲ್ಲಿ ಸುನಾಮಿ ಬಂದರೆ ಯಾವ ಕಡೆಗೆ ಓಡಬೇಕೆಂದು ಬಾಣದ ಗುರುತು ಹಾಕಿದ ಫಲಕಗಳಿವೆ. 2004ರ ಡಿಸೆಂಬರ್ 26ರ ನೆನಪು.

ದ್ವೀಪದ ದಕ್ಷಿಣಕ್ಕೆ ಚಲಾಂಗ್ ಎಂಬಲ್ಲಿ ಸೊಯ್ ತಾ ಇಯಾದ್ ಎಂಬ ಓಣಿಯಿದೆ. 'ಸೊಯ್' ಎಂದರೆ ಓಣಿ. ಆ ಓಣಿಯ ಎರಡೂ ಕಡೆ ಮುಯೆ ಥಾಯ್ ಶಿಬಿರಗಳು, ತೂಕ ಎತ್ತುವ ಶಾಲೆಗಳು, ಎಳನೀರು ಅಂಗಡಿಗಳು. ಲೋಕದ ಎಲ್ಲ ದೇಶದವರೂ ಕೈಗೆ ಪಟ್ಟಿ ಸುತ್ತಿಕೊಂಡು ಬೆವರು ಸುರಿಸುತ್ತಾ ನಡೆಯುತ್ತಾರೆ. ನಮ್ಮ ಪ್ರಾಯದವರೂ ಇದ್ದರು, ಆದರೆ ಬೆರಳೆಣಿಕೆ. ಶಿಬಿರವೆಂದರೆ ದೊಡ್ಡ ಕಟ್ಟಡವೇನಲ್ಲ. ಗೋಡೆಯಿಲ್ಲದ ತಗಡಿನ ಮಾಡು, ಕೆಳಗೆ ಮೆತ್ತನೆಯ ಹಾಸು, ಎರಡು ಅಖಾಡ, ಸಾಲಾಗಿ ತೂಗುಹಾಕಿದ ಚರ್ಮದ ಚೀಲಗಳು. ನಮ್ಮ ಅಡಿಕೆ ಸುಲಿಯುವ ಚಪ್ಪರ ನೆನಪಾಯಿತು.

ಹೆಸರು ಬರೆಸುವ ಮೇಜಿನಲ್ಲಿ ನಮ್ಮ ಹೆಸರನ್ನು ಹುಡುಕಿದಾಗ ಅದರ ಕೆಳಗೆ ಇನ್ನೊಂದು ಹೆಸರಿತ್ತು. ನಮ್ಮ ಮನೆಯವರದು. ನಾವು ತಿರುಗಿ ನೋಡಿದೆವು. 'ನಾನೂ ಸೇರ್ಕೊಂಡ್ರೆ ಎಂತ ಆಗ್ತದೆ?' ಎಂದರು. ಮಗಳೂ ತಾಯಿಯೂ ಸೇರಿ ಮೊದಲೇ ಮಾಡಿಕೊಂಡ ಏರ್ಪಾಡು. ಸೀರೆ ಬಿಟ್ಟು ಬೇರೆ ಉಡದವರು ಪೆಟ್ಟಿಗೆಯ ಅಡಿಯಿಂದ ಮಗಳು ಕೊಡಿಸಿದ ಸಡಿಲ ಷರಾಯಿ, ತೋಳಿನ ಬನಿಯನ್ನು ತೆಗೆದರು.

ಈ ವಿದ್ಯೆಯ ಬಗ್ಗೆ ಸ್ವಲ್ಪ ಹೇಳಬೇಕು. ಇಂಗ್ಲಿಷರ ಬಾಕ್ಸಿಂಗ್‌ನಲ್ಲಿ ಎರಡು ಮುಷ್ಟಿಗಳಷ್ಟೇ ಆಯುಧ. ಇಲ್ಲಿ ಎರಡು ಮುಷ್ಟಿ, ಎರಡು ಮೊಣಕೈ, ಎರಡು ಮಂಡಿ, ಎರಡು ಕಾಲು, ಹೀಗೆ ಎಂಟು. ಒದೆಯುವುದು ಪಾದದಿಂದಲ್ಲ, ಮಂಡಿಯ ಕೆಳಗಿನ ಮೂಳೆಯಿಂದ. ಕಲಿಸುವವನನ್ನು 'ಖ್ರೂ' ಎನ್ನುತ್ತಾರೆ. ಅದು ನಮ್ಮ 'ಗುರು'ವೇ. ಕಾಳಗಕ್ಕೆ ಮುನ್ನ ಅಖಾಡದಲ್ಲಿ ಮಂಡಿಯೂರಿ, ನಿಧಾನವಾಗಿ ಸುತ್ತಿ ಮಾಡುವ ನೃತ್ಯಕ್ಕೆ 'ವಾಯ್ ಖ್ರೂ', ಅಂದರೆ ಗುರುವಂದನೆ, ಎಂದು ಹೆಸರು. ಆಗ ತಲೆಗೆ ಕಟ್ಟುವ ಬಳೆಯಂಥ ಪಟ್ಟಿ 'ಮೊಂಗ್‌ಖೊನ್'. ಅದು ನಮ್ಮ 'ಮಂಗಳ'. ನಮಗೆ ಪದಗಳ ಹುಚ್ಚು ಇದ್ದುದರಿಂದ ಇವು ಸಿಕ್ಕಿದಾಗ ಪೆಟ್ಟಿನ ನೋವು ಸ್ವಲ್ಪ ಮರೆಯುತ್ತಿತ್ತು.

ಅಲ್ಲಿಯ ಮಕ್ಕಳಿಗೆಲ್ಲ ಗೊತ್ತಿರುವ ಕಥೆ ನಾಯ್ ಖನೊಮ್ ತೊಮ್ ಎಂಬ ವೀರನದು. 1767ರಲ್ಲಿ ಅಯುಥಯಾ ರಾಜಧಾನಿಯನ್ನು ಬರ್ಮಾದವರು ಸುಟ್ಟು ಸೆರೆಯಾಳುಗಳನ್ನು ಒಯ್ದರು. ಅವರಲ್ಲೊಬ್ಬನಾದ ಇವನು 1774ರಲ್ಲಿ ಬರ್ಮಾದ ಅರಸನ ಮುಂದೆ ಒಬ್ಬರ ಮೇಲೊಬ್ಬರಂತೆ ಹಲವು ಮಲ್ಲರನ್ನು ಸೋಲಿಸಿ ಬಿಡುಗಡೆ ಪಡೆದನೆಂದು ಹೇಳುತ್ತಾರೆ. ಮಾರ್ಚ್ 17 ಅವನ ದಿನ. ಎಷ್ಟು ಇತಿಹಾಸ, ಎಷ್ಟು ಪುರಾಣ ಎಂಬುದನ್ನು ನಾವು ವಿಚಾರಿಸಲು ಹೋಗಲಿಲ್ಲ. ನಮ್ಮ ಗರಡಿಗಳಲ್ಲೂ ಕೋಟಿ ಚೆನ್ನಯರ ಬಗ್ಗೆ ಯಾರೂ ದಾಖಲೆ ಕೇಳುವುದಿಲ್ಲ.

ಮೊದಲ ದಿನದ ಮಾತು. ಬೆಳಿಗ್ಗೆ ಎಂಟಕ್ಕೆ ಪಾಠ. ಹಗ್ಗದಾಟ ಹತ್ತು ನಿಮಿಷ. ಹತ್ತು ನಿಮಿಷವೆಂದರೆ ಎಷ್ಟು ಉದ್ದವೆಂಬುದು ಹಗ್ಗ ಹಿಡಿದವನಿಗೇ ಗೊತ್ತು. ಆಮೇಲೆ ಕೈಪಟ್ಟಿ ಸುತ್ತಿಕೊಂಡು ಕನ್ನಡಿಯ ಮುಂದೆ ನಿಂತು ಗಾಳಿಗೆ ಹೊಡೆಯುವುದು, ಚೀಲಕ್ಕೆ ಹೊಡೆಯುವುದು, ಕೊನೆಗೆ ಖ್ರೂ ಎರಡೂ ಕೈಗೆ ದಪ್ಪ ಮೆತ್ತೆ ಕಟ್ಟಿಕೊಂಡು ನಿಲ್ಲುತ್ತಾನೆ, ಅದಕ್ಕೆ ಒದೆಯುವುದು. ಮೂರು ನಿಮಿಷಕ್ಕೊಂದು ಗಂಟೆ. ನಾವು ಒದ್ದ ಪ್ರತಿ ಸಲವೂ ಆತ 'ಸಬಾಯ್, ಸಬಾಯ್' ಎನ್ನುತ್ತಿದ್ದ. ನಮಗೆ ಅದು ನಮ್ಮ 'ಶಭಾಷ್' ಎಂದು ಕೇಳಿಸಿ ಇನ್ನಷ್ಟು ಹಲ್ಲು ಕಚ್ಚಿ ಒದೆಯುತ್ತಿದ್ದೆವು. ಮೂರನೆಯ ದಿನ ತಿಳಿಯಿತು, 'ಸಬಾಯ್' ಎಂದರೆ ಆರಾಮವಾಗಿ, ಮೈ ಸಡಿಲ ಬಿಡು ಎಂದು. ಆತ ನಮ್ಮನ್ನು ಹೊಗಳುತ್ತಿರಲಿಲ್ಲ, ಬೇಡಿಕೊಳ್ಳುತ್ತಿದ್ದ.

ತಪ್ಪು ಭುಜದಲ್ಲಿತ್ತು. ಬಲವೆಲ್ಲ ಭುಜದಿಂದ ಬರಬೇಕೆಂದು ನಾವು ತಿಳಿದಿದ್ದೆವು. ಆತ ನಮ್ಮ ಸೊಂಟಕ್ಕೆ ಕೈಯಿಟ್ಟು, ಹಿಮ್ಮಡಿ ಎತ್ತಿ ಬೆರಳ ಮೇಲೆ ತಿರುಗಿಸಿ, ಸೊಂಟ ತಿರುಗಿದರೆ ಕಾಲು ತಾನಾಗಿ ಬರುತ್ತದೆಂದು ತೋರಿಸಿದ. ಗಿಡಗಳ ನಡುವೆ ಕಳೆ ಹೊಡೆಯುವ ಅನುಭವಿ ಆಳು ದಿನವಿಡೀ ಕತ್ತಿ ಬೀಸಿದರೂ ದಣಿಯದಿರುವುದು, ಅದೇ ಕತ್ತಿಯನ್ನು ನಾವು ಹಿಡಿದರೆ ಕಾಲು ಗಂಟೆಯಲ್ಲಿ ತೋಳು ಬೀಳುವುದು ಇದೇ ಕಾರಣಕ್ಕೆ. ಮೂವತ್ತು ವರ್ಷ ಅವರ ಹಿಂದೆ ನಿಂತು ಕೆಲಸ ನೋಡಿದ್ದೇವೆ, ಅವರ ಸೊಂಟವನ್ನು ನೋಡಿರಲಿಲ್ಲ.

ಆ ದಿನ ನಾವು ಎರಡನೆಯ ಸುತ್ತಿನಲ್ಲೇ ತಲೆ ತಿರುಗಿ ಕುಳಿತುಬಿಟ್ಟೆವು. ತಿಂಡಿ ತಿನ್ನದೆ, ನೀರು ಕುಡಿಯದೆ ಹೋದದ್ದು ನಮ್ಮದೇ ದಡ್ಡತನ. ಉಪ್ಪು ಸಕ್ಕರೆ ಬೆರೆಸಿದ ನೀರು ಕೊಟ್ಟು ಮಲಗಿಸಿದರು. ಅಮೃತಾಂಜನಕ್ಕೆ ಅಣ್ಣನಾಗುವಂಥ ಹಳದಿ ಎಣ್ಣೆಯೊಂದನ್ನು ಕಾಲಿಗೆ ತಿಕ್ಕಿದರು. ಮಲಗಿದಲ್ಲಿಂದ ನೋಡಿದರೆ ನಮ್ಮ ಮನೆಯವರು ಅಖಾಡದೊಳಗೆ ಇದ್ದರು. 51 ವರ್ಷ, ಕೂದಲು ಗಂಟು ಕಟ್ಟಿ, ಚಾಲಿ ಒಣಗಿಸುವ ಅಂಗಳದಲ್ಲಿ ಕೋತಿ ಓಡಿಸುವಾಗ ನಿಲ್ಲುವ ಹಾಗೆ ನಿಂತು, ಮೆತ್ತೆಗೆ ಒದೆಯುತ್ತಿದ್ದರು. ಮೆತ್ತೆಯಿಂದ 'ಠಪ್' ಎಂದು ಸದ್ದು ಬರುತ್ತಿತ್ತು. ನಾವು ಒದ್ದಾಗ ಆ ಸದ್ದು ಬಂದಿರಲಿಲ್ಲ.

ಎರಡನೆಯದೋ ಮೂರನೆಯದೋ ದಿನ ಖ್ರೂ ಹೊಸಬರನ್ನೆಲ್ಲ ಕೂರಿಸಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, ಯಾಕೆ ಕಲಿಯುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳಿದ. ತೂಕ ಇಳಿಸಲು ಎಂದರು ಒಬ್ಬರು, ಪಂದ್ಯವಾಡಲು ಎಂದ ಒಬ್ಬ ಹುಡುಗ. ನಾವು ಸಕ್ಕರೆ ಕಾಯಿಲೆ ಎಂದೆವು. ನಮ್ಮ ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೌಸ್ ಅಲೋನ್. ನೈಟ್' ಎಂದರು. ಖ್ರೂ ತಲೆಯಾಡಿಸಿದ. ಮತ್ತೇನೂ ಕೇಳಲಿಲ್ಲ. ಆದರೆ ಅಂದಿನಿಂದ ಅವರಿಗೆ ಕಲಿಸುವ ಪಾಠ ಬದಲಾಯಿತು. ಸುತ್ತು ಒದೆತ ಬಿಟ್ಟು 'ಥೀಪ್' ಎಂಬುದನ್ನು ಹಿಡಿಸಿದ. ಪಾದವನ್ನು ನೇರವಾಗಿ ಮುಂದೆ ಚಾಚಿ ಎದುರಿಗಿರುವವನ ಹೊಟ್ಟೆಗೋ ತೊಡೆಗೋ ಇಟ್ಟು ದೂರ ತಳ್ಳುವುದು. ತಳ್ಳು, ಕೂಗು, ಓಡು. ಈ ಮೂರನ್ನೇ ದಿನಕ್ಕೆ ನೂರು ಸಲ. ನಿಂತು ಹೋರಾಡುವುದು ಅಖಾಡದಲ್ಲಿ, ಮನೆಯಲ್ಲಿ ಓಡುವುದೇ ಸರಿ ಎಂದು ಆತನ ಮತ. ನೂರೈವತ್ತಕ್ಕೂ ಹೆಚ್ಚು ಪಂದ್ಯವಾಡಿದವನ ಬಾಯಲ್ಲಿ ಆ ಮಾತು ಬಂದದ್ದರಿಂದ ನಾವು ನಂಬಿದೆವು.

ಸಂಜೆ ನಾಯ್ ಹಾರ್ನ್ ಎಂಬ ದಂಡೆಗೆ ಹೋದೆವು. ಹಿಂದೆ ಒಂದು ಕೆರೆ, ಮುಂದೆ ಎರಡು ಗುಡ್ಡಗಳ ನಡುವೆ ಅರ್ಧ ಚಂದ್ರದಂತೆ ಮರಳು, ಪಡುವಣಕ್ಕೆ ನೇರ ಸೂರ್ಯಾಸ್ತ. ಸ್ವಲ್ಪ ಆಚೆಗಿರುವ ಭೂಶಿರದ ಹೆಸರು ಫ್ರೊಮ್ ಥೆಪ್, ಬ್ರಹ್ಮದೇವ. ಆ ಹೊತ್ತಿಗೆ ನಮ್ಮ ಕೈ ಅಭ್ಯಾಸದಂತೆ ಫೋನಿಗೆ ಹೋಯಿತು, ಊರಲ್ಲಿ ಮೋಡ ಕಟ್ಟಿದೆಯೇ, ಎಷ್ಟು ಸೆಂಟ್ಸ್ ಮಳೆ ಎಂದು ಭಾವನವರನ್ನು ಕೇಳಲು. ಅದನ್ನು ನೋಡಿ ನಮ್ಮ ಮನೆಯವರು ಹೇಳಿದರು, 'ಆವತ್ತು ನಾನು ಮೂರು ಸಲ ಫೋನ್ ಮಾಡಿದ್ದೆ.'

ಯಾವತ್ತು ಎಂದು ಕೇಳಬೇಕಾಗಿರಲಿಲ್ಲ. ಸದಸ್ಯರಲ್ಲಿ ಹಲವರಿಗೆ ಆ ಕಳ್ಳತನದ ವಿಷಯ ಗೊತ್ತಿದೆ. 2022ರ ಸೆಪ್ಟೆಂಬರ್, ನಮ್ಮ ಸಂಘದ ಸರ್ವಸದಸ್ಯರ ಸಭೆಯ ದಿನ. ಸಭೆ ಮಧ್ಯಾಹ್ನ ಮೂರಕ್ಕೆ ಪ್ರಾರಂಭವಾಗಿ, ಲೆಕ್ಕಪತ್ರದ ಮೇಲೆ ಚರ್ಚೆ ಬೆಳೆದು ರಾತ್ರಿಯಾಯಿತು. ಮನೆಯಲ್ಲಿ ಕರೆಂಟಿರಲಿಲ್ಲ. ನಾಯಿ ಎರಡು ಸಲ ಬೊಗಳಿ ಸುಮ್ಮನಾಯಿತಂತೆ. ಗೋದಾಮಿನ ಬೀಗ ಒಡೆಯುವ ಸದ್ದು, ಮೂರು ಜನರ ಮಾತು. ಒಬ್ಬ ಅಡಿಗೆಮನೆಯ ಹಿಂಬಾಗಿಲನ್ನೂ ತಳ್ಳಿ ನೋಡಿದನಂತೆ. ನಮ್ಮ ಮನೆಯವರು ಒಳಗೆ ದೀಪವಿಲ್ಲದೆ, ಮೆಟ್ಟುಕತ್ತಿಯನ್ನು ಹತ್ತಿರ ಎಳೆದುಕೊಂಡು, ಒಂದು ಗಂಟೆ ಕೂತಿದ್ದರು. 'ರಿಂಗ್ ಆಯ್ತು, ನೀವು ತೆಗೀಲಿಲ್ಲ. ಎದ್ದು ನಿಲ್ಲೋಣ ಅಂದ್ರೆ ಕಾಲೇ ಬರ್ಲಿಲ್ಲ ಮಾರಾಯ್ರೆ' ಎಂದರು.

ಆ ಮೂರು ಕರೆಗಳನ್ನು ನಾವು ನೋಡಿದ್ದೆವು. ಲೆಕ್ಕಪರಿಶೋಧನಾ ವರದಿ ಓದುತ್ತಿದ್ದೆವು. ಊಟಕ್ಕೆ ಬರುತ್ತೀರೋ ಇಲ್ಲವೋ ಎಂದು ಕೇಳಲು ಇರಬೇಕೆಂದು ಬಿಟ್ಟೆವು. ಮರುದಿನ ಠಾಣೆಗೆ ಕೊಟ್ಟ ದೂರನ್ನು ನಾವೇ ಬರೆದದ್ದು, ಪದವೀಧರನ ಅಂದವಾದ ಕೈಬರಹದಲ್ಲಿ. ಕಾಳುಮೆಣಸು ಎರಡು ಚೀಲ, 96 ಕಿಲೋ, ಬೀಗ ಒಂದು. ಮನೆಯೊಳಗೆ ಒಬ್ಬರು ಇದ್ದರೆಂದು ಆ ದೂರಿನಲ್ಲಿ ಬರೆದಿರಲಿಲ್ಲ. ಆಮೇಲೆ ಎರಡೂವರೆ ವರ್ಷ ನಮ್ಮ ಮನೆಯಲ್ಲಿ ಆ ವಿಷಯ ಬಂದಾಗಲೆಲ್ಲ ಮೆಣಸಿನ ಬೆಲೆಯನ್ನೇ ಮಾತಾಡಿದ್ದೇವೆ.

ಅಂದು ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಕೂತಿದ್ದೆವು. ಭಾವನವರಿಗೆ ಫೋನು ಮಾಡಲಿಲ್ಲ.

ಇನ್ನು ಆ ಖ್ರೂವಿನ ವಿಷಯ. ಆತ ಫುಕೆಟಿನವನಲ್ಲ. ಈಶಾನ್ಯದ ಇಸಾನ್ ಪ್ರಾಂತ್ಯದ ಬುರಿರಾಂ ಕಡೆಯ ರೈತನ ಮಗ. ಗದ್ದೆ, ಮರಗೆಣಸು, ಮಳೆ ಬಂದರೆ ಉಂಟು ಇಲ್ಲದಿದ್ದರೆ ಇಲ್ಲ ಎಂಬ ಜಮೀನು. ಈ ದೇಶದ ಹೆಸರಾಂತ ಮಲ್ಲರಲ್ಲಿ ಬಹಳ ಮಂದಿ ಆ ಬಡ ಸೀಮೆಯಿಂದಲೇ ಬಂದವರು. ಈತ ಹತ್ತನೆಯ ವಯಸ್ಸಿಗೆ ದೇವಸ್ಥಾನದ ಜಾತ್ರೆಯಲ್ಲಿ ಮೊದಲ ಪಂದ್ಯವಾಡಿ ಗೆದ್ದ ಹಣವನ್ನು ತಾಯಿಗೆ ಕೊಟ್ಟನಂತೆ. ಈಗಲೂ ಸಂಬಳದ ಒಂದು ಪಾಲು ಊರಿಗೆ ಹೋಗುತ್ತದೆ. ಅಲ್ಲಿ ಗದ್ದೆ ನೋಡಿಕೊಳ್ಳಲು ತಂದೆ ತಾಯಿ ಇಬ್ಬರೇ. ಮಕ್ಕಳೆಲ್ಲ ಪಟ್ಟಣ ಸೇರಿದ್ದಾರೆ. ಈ ಮಾತು ಕೇಳಲು ನಾವು ಸಮುದ್ರ ದಾಟಬೇಕಾಗಿರಲಿಲ್ಲ.

ಶುಕ್ರವಾರ ರಾತ್ರಿ ನಮ್ಮನ್ನು ಪಂದ್ಯ ನೋಡಲು ಕರೆದೊಯ್ದರು. ಊದುವ ಪೀ, ಎರಡು ಡೋಲು, ತಾಳ. ಕಾಳಗ ಬಿಸಿಯೇರಿದಂತೆ ವಾದ್ಯವೂ ಬಿಸಿಯೇರುತ್ತದೆ. ಯಕ್ಷಗಾನದ ಯುದ್ಧ ಪ್ರಸಂಗಕ್ಕೆ ಕೂತವರಿಗೆ ಅರ್ಥವಾಗುತ್ತದೆ. ಮೂರು ನಿಮಿಷದ ಐದು ಸುತ್ತು, ನಡುವೆ ಎರಡೆರಡು ನಿಮಿಷ ವಿಶ್ರಾಂತಿ. ಮೊದಲ ಜೋಡಿಯಾಗಿ ಬಂದವರು ಇಬ್ಬರು ಚಿಕ್ಕ ಹುಡುಗರು, ನಮ್ಮ ಶಾಲೆಯಲ್ಲಾದರೆ ಆರನೆಯ ತರಗತಿ ಇರಬಹುದು. ಸುತ್ತಲಿನವರು ಕೂಗುತ್ತಿದ್ದರು. ನಮಗೆ ನೋಡಲಾಗಲಿಲ್ಲ. 2018ರ ನವೆಂಬರ್‌ನಲ್ಲಿ ಅಲ್ಲಿ 13 ವರ್ಷದ ಹುಡುಗನೊಬ್ಬ ಹೀಗೇ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತ. ಆಗ ಮಕ್ಕಳ ಪಂದ್ಯ ನಿಲ್ಲಿಸಬೇಕೆಂದು ದೊಡ್ಡ ಚರ್ಚೆಯಾಯಿತು. ಇದನ್ನು ನಾವು ಖ್ರೂವಿನ ಹತ್ತಿರ ಎತ್ತಿದಾಗ ಆತ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ನಿಮ್ಮ ಊರಲ್ಲಿ ಆ ಎತ್ತರದ ಮರ ಹತ್ತುವವರು ಎಷ್ಟನೆಯ ವಯಸ್ಸಿಗೆ ಹತ್ತಲು ಕಲಿಯುತ್ತಾರೆ ಎಂದು ಕೇಳಿದ. ಅಡಿಕೆ ಮರದ ಚಿತ್ರಗಳನ್ನು ಹಿಂದಿನ ದಿನವಷ್ಟೇ ನಾವೇ ಅವನಿಗೆ ತೋರಿಸಿದ್ದೆವು. ನಮ್ಮ ಕೊನೆಗಾರ ತನ್ನ ಅಪ್ಪನ ಜೊತೆ ಮೊದಲ ಸಲ ನಮ್ಮ ತೋಟಕ್ಕೆ ಬಂದಾಗ ಅವನಿಗೆಷ್ಟು ವಯಸ್ಸೆಂದು ನಾವು ಕೇಳಿದ್ದಿಲ್ಲ. ಆದರೂ ನಮ್ಮ ಅಭಿಪ್ರಾಯ ಬದಲಾಗಿಲ್ಲ, ಹಣಕ್ಕಾಗಿ ಮಕ್ಕಳು ತಲೆಗೆ ಹೊಡೆಸಿಕೊಳ್ಳುವುದು ತಪ್ಪು. ಅದನ್ನು ಹೇಳಿದ ದನಿ ಮಾತ್ರ ಸ್ವಲ್ಪ ತಗ್ಗಿತು.

ಕೊನೆಯ ಪಂದ್ಯ ಇಬ್ಬರು ಹೆಂಗಸರದು. ಬ್ಯಾಂಕಾಕಿನ ಲುಂಪಿನಿ ಎಂಬ ಪ್ರಸಿದ್ಧ ಕ್ರೀಡಾಂಗಣ 1956ರಲ್ಲಿ ಪ್ರಾರಂಭವಾದದ್ದು. ಅಲ್ಲಿಯ ಅಖಾಡವನ್ನು ಹೆಂಗಸರು ಮುಟ್ಟುವ ಹಾಗಿರಲಿಲ್ಲ, ಮುಟ್ಟಿದರೆ ಶಕ್ತಿ ಕೆಡುತ್ತದೆಂಬ ನಂಬಿಕೆ. ಅಲ್ಲಿ ಹೆಂಗಸರ ಮೊದಲ ಪಂದ್ಯ ನಡೆದದ್ದು 2021ರ ನವೆಂಬರ್‌ನಲ್ಲಿ. ಬೇರೆ ಹಲವು ಅಖಾಡಗಳಲ್ಲಿ ಗಂಡಸರು ಮೇಲಿನ ಹಗ್ಗ ದಾಟಿ ಒಳಗೆ ಹೋದರೆ ಹೆಂಗಸರು ಕೆಳಗಿನ ಹಗ್ಗದಡಿ ನುಸುಳಿ ಹೋಗಬೇಕೆಂಬ ಪದ್ಧತಿ ಉಳಿದಿದೆ. ನಮ್ಮ ಮನೆಯವರು ಇದನ್ನು ಕೇಳಿ, 'ಒಳಗೆ ಹೋದ್ಮೇಲೆ ಒದೆ ಒಂದೇ ತರ ಅಲ್ವಾ' ಎಂದರು.

ಅಡಿಕೆಯ ವಿಷಯ ಬಂದದ್ದರಿಂದ ಬೆಳೆಗಾರರಾದ ನಾವು ತಿಳಿಯಬೇಕಾದ ಒಂದು ಸಂಗತಿ. ಥಾಯ್ಲೆಂಡಿನ ದಕ್ಷಿಣದಲ್ಲಿ ಅಡಿಕೆ ಮರ ಧಾರಾಳ, ಅವರ ಭಾಷೆಯಲ್ಲಿ 'ಮಾಕ್'. ಆದರೆ ಬಾಯಿ ಕೆಂಪಾದವರು ಒಬ್ಬರೂ ಕಾಣಲಿಲ್ಲ. ಖ್ರೂವಿನ ಅಜ್ಜಿ ಕದ್ದು ಮೆಲ್ಲುತ್ತಿದ್ದರಂತೆ. 1940ರ ದಶಕದ ಮೊದಲ ವರ್ಷಗಳಲ್ಲಿ ಫಿಬುನ್ ಸೊಂಗ್‌ಖ್ರಾಮ್ ಎಂಬ ಸೇನಾಧಿಪತಿ ಪ್ರಧಾನಿಯಾಗಿದ್ದಾಗ, ದೇಶ ಆಧುನಿಕವಾಗಬೇಕೆಂದು ಜನರು ಟೋಪಿ ಹಾಕಬೇಕು, ಎಲೆ ಅಡಿಕೆ ಬಿಡಬೇಕು ಎಂದು ಆಜ್ಞೆ ಹೊರಡಿಸಿದ. ಟೋಪಿ ಹೋಯಿತು. ಎಲೆ ಅಡಿಕೆಯ ಅಭ್ಯಾಸ ಮತ್ತೆ ಮೊದಲಿನಂತಾಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿರುವುದನ್ನು ನಮ್ಮ ಸಭೆಗಳಲ್ಲಿ ನಾವು ಕೂಗಿ ಅಡಗಿಸುತ್ತೇವೆ. ಒಂದು ಬೆಳೆಯ ಅಭ್ಯಾಸ ಒಂದು ತಲೆಮಾರಿನಲ್ಲಿ ಹೋಗಬಹುದೆಂದು ಅಲ್ಲಿ ಕಣ್ಣಾರೆ ಕಂಡು ಬಂದೆವು. ಬೇರೆ ಸಂಚಿಕೆಯಲ್ಲಿ ಇದನ್ನು ವಿವರವಾಗಿ ಚರ್ಚಿಸೋಣ. ಕಾಫಿಯೂ ಅಲ್ಲಿ ಬೆಳೆಯುತ್ತದೆ, ದಕ್ಷಿಣದ ಚುಂಫೊನ್, ರನೊಂಗ್‌ಗಳಲ್ಲಿ ರೊಬಸ್ಟಾ, ಉತ್ತರದ ಬೆಟ್ಟಗಳಲ್ಲಿ ಅಫೀಮಿನ ಬದಲಿಗೆ ಹಾಕಿಸಿದ ಅರೇಬಿಕಾ. ದಂಡೆಯಲ್ಲಿ ಒಂದು ಲೋಟಕ್ಕೆ 80 ಬಾತ್, ಅಂದಿನ ಲೆಕ್ಕದಲ್ಲಿ ಇನ್ನೂರು ರೂಪಾಯಿ ಕೊಟ್ಟು ಕುಡಿದೆವು. ಇದರಲ್ಲಿ ಬೆಳೆದವನಿಗೆಷ್ಟು ಎಂದು ಲೆಕ್ಕ ಹಾಕಲು ಹೊರಟಾಗ ನಮ್ಮ ಮನೆಯವರು ಲೋಟ ಕಸಿದುಕೊಂಡರು.

ಇನ್ನೊಂದು ಜಾಗದಲ್ಲಿ ಮಾತ್ರ ನಾವು ಪ್ರವಾಸಿಯಾಗಿ ಉಳಿಯಲಿಲ್ಲ. ಚಲಾಂಗ್‌ನ ಮೇಲಿನ ಬೆಟ್ಟದ ತುದಿಯಲ್ಲಿ ದೊಡ್ಡ ಬುದ್ಧನ ವಿಗ್ರಹವಿದೆ. 2024ರ ಆಗಸ್ಟ್‌ನಲ್ಲಿ ಜಡಿಮಳೆಗೆ ಆ ಬೆಟ್ಟದ ಮಗ್ಗುಲು ಕುಸಿದು ಕೆಳಗಿನ ಮನೆಗಳಲ್ಲಿದ್ದ 13 ಮಂದಿ ಸತ್ತರು. ಅದಕ್ಕೆ ಒಂದು ತಿಂಗಳ ಮೊದಲು ವಯನಾಡು, 2018ರಲ್ಲಿ ಕೊಡಗು. ಕೆಳಗೆ ನಿಂತು ಆ ಕೆಂಪು ಗಾಯವನ್ನು ನೋಡಿದಾಗ ಮಣ್ಣಿನ ಬಣ್ಣವೂ ನಮ್ಮದೇ ಅನ್ನಿಸಿತು.

ಹೋಗಬಯಸುವವರಿಗೆ ಎರಡು ಮಾತು. ನಾವಿಬ್ಬರೂ ಸಸ್ಯಾಹಾರಿಗಳು. ಬರಿಯ ತರಕಾರಿ ಎಂದರೆ ಸಾಲದು, ಅದರಲ್ಲಿ ಮೀನಿನ ರಸ ಇದ್ದೇ ಇರುತ್ತದೆ. 'ಜೇ' ಎನ್ನಬೇಕು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಊಟ ಸಿಗುತ್ತದೆ. ಐವತ್ತು ದಾಟಿದವರು ಹೃದಯದ ಪರೀಕ್ಷೆ ಮಾಡಿಸಿಯೇ ಹೋಗಬೇಕು, ಪ್ರಯಾಣದ ವಿಮೆ ಇಳಿಸಲೇಬೇಕು. ಬಾಡಿಗೆ ಸ್ಕೂಟರಿನ ಆಸೆ ಬೇಡ, ಓಣಿಯಲ್ಲಿ ಕಂಡ ಬ್ಯಾಂಡೇಜುಗಳಲ್ಲಿ ಅರ್ಧ ಅಖಾಡದವಲ್ಲ, ರಸ್ತೆಯವು. ದಿನಕ್ಕೆ ಒಂದೇ ಪಾಠ ಸಾಕು. ಹತ್ತು ದಿನದಲ್ಲಿ ಯಾರೂ ಮಲ್ಲರಾಗುವುದಿಲ್ಲ. ನಮ್ಮ ತೂಕ ಒಂದೂವರೆ ಕಿಲೋ ಇಳಿಯಿತು, ಊರಿಗೆ ಬಂದ ಮೇಲೆ ಒಂದು ಕಿಲೋ ಏರಿತು. ಭುಜ ಮಾತ್ರ ಈಗ ತಲೆಯ ಮೇಲಕ್ಕೆ ಹೋಗುತ್ತದೆ.

ಹಿಂದಿರುಗಿದಾಗ ತೋಟ ಇದ್ದಲ್ಲೇ ಇತ್ತು. ಹೂವು ಕಚ್ಚಿತ್ತು, ಎರಡನೆಯ ನೀರಿಗೆ ಇನ್ನೂ ಐದು ದಿನವಿತ್ತು. ಭಾವನವರು ಮೆಣಸನ್ನು ನಮಗಿಂತ ಚೆನ್ನಾಗಿ ಒಣಗಿಸಿದ್ದರು. ಈಗ ಹಿಂದಿನ ಚಪ್ಪರದ ತೊಲೆಗೆ ಕಾಫಿಯ ಗೋಣಿಚೀಲವೊಂದನ್ನು ಒಣ ಅಡಿಕೆ ಸಿಪ್ಪೆ ತುಂಬಿ ತೂಗುಹಾಕಿದ್ದೇವೆ. ಚರ್ಮದ ಚೀಲದಷ್ಟು ಗಟ್ಟಿಯಲ್ಲ, ಆದರೆ ನಮ್ಮ ಮಂಡಿಗಳಿಗೆ ಅದೇ ಹಿತ. ಭಾನುವಾರ ಪಕ್ಕದ ತೋಟಗಳ ನಾಲ್ಕೈದು ಹೆಂಗಸರು, ಲೈನ್ ಮನೆಯ ಇಬ್ಬರು ಹುಡುಗಿಯರು ಬರುತ್ತಾರೆ. ತಳ್ಳು, ಕೂಗು, ಓಡು. ಕೂಗಿಗೆ ಮೊದಮೊದಲು ನಾಯಿ ಬೆದರುತ್ತಿತ್ತು, ಈಗ ಕಿವಿ ಸಹ ಎತ್ತುವುದಿಲ್ಲ. ಹಿಂಬಾಗಿಲಿಗೆ ಹೊಸ ಅಗುಳಿ, ಗೋದಾಮಿಗೆ ಸೋಲಾರ್ ದೀಪ ಹಾಕಿಸಿದ್ದು ಪಲ್ಪರಿನ ಹಣದಲ್ಲಿ ಉಳಿದದ್ದರಿಂದ.

ಇನ್ನು ಮುಂದೆ ಸಂಘದ ಸರ್ವಸದಸ್ಯರ ಸಭೆಯನ್ನು ಬೆಳಿಗ್ಗೆ 10 ಗಂಟೆಗೆ ಕರೆದು ಮಧ್ಯಾಹ್ನದ ಊಟಕ್ಕೆ ಮುಗಿಸುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಸಲಹೆ ಕಾರ್ಯದರ್ಶಿಯದು. ಕಾರಣವನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿಲ್ಲ. ಸದಸ್ಯರು ಸಕಾಲಕ್ಕೆ ಹಾಜರಿರಬೇಕಾಗಿ, ಸಾಧ್ಯವಾದವರು ಮನೆಯವರನ್ನೂ ಕರೆತರಬೇಕಾಗಿ ವಿನಂತಿ.